ರಟ್ಟಿನೊಳಗಿನ ಚೀಟಿ

ನಮ್ಮ ಓಣಿಯಲ್ಲಿ ಕಾದಂಬರಿಯೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಅದರ ರಟ್ಟಿನೊಳಗೆ ಒಂದು ಚೀಟಿಯೂ ಹೋಗುತ್ತದೆ. ಚೀಟಿ ಬರೆಯುವವಳು ನಾನು. ಹುಬ್ಬಳ್ಳಿಯ ವಿದ್ಯಾನಗರದ ಏಳೆಂಟು ಮನೆ, ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಒಂದಿಷ್ಟು ಮನೆ. ಇವುಗಳ ನಡುವೆ ಪುಸ್ತಕಗಳು ಚಿಗರಿ ಬಸ್ಸಿನಲ್ಲಿ ಓಡಾಡುತ್ತವೆ. ಓದುವವರಲ್ಲಿ ರೈಲ್ವೆಯಿಂದ ನಿವೃತ್ತರಾದವರಿದ್ದಾರೆ, ಬ್ಯಾಂಕಿನಲ್ಲಿ ದುಡಿಯುವ ಹುಡುಗಿಯರಿದ್ದಾರೆ, ಹೊಲಿಗೆ ಅಂಗಡಿ ಇಟ್ಟವರಿದ್ದಾರೆ, ಮಧ್ಯಾಹ್ನದ ನಿದ್ದೆ ಬಿಟ್ಟು ಓದುವ ಅಜ್ಜಿಯರಿದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಾದ್ದರಿಂದ ನಾನು ಎಲ್ಲರಿಗೂ ಅಕ್ಕಾವ್ರು. ಪುಸ್ತಕ ಓದಿ ಮುಗಿಸಿದ ಮೇಲೆ ಅರ್ಧ ಹಾಳೆಯಲ್ಲಿ ಅದರ ಬಗ್ಗೆ ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ. ಇದನ್ನು ನಾನು ಸಣ್ಣ ಕೆಲಸವೆಂದು ಯಾವತ್ತೂ ತಿಳಿದಿಲ್ಲ. ಈಗ ಹೊಸ ಕಾದಂಬರಿಯೊಂದಕ್ಕೆ 300–400 ರೂಪಾಯಿ ಕೊಡಬೇಕು. ರೊಕ್ಕಕ್ಕಿಂತ ಹೆಚ್ಚಾಗಿ, ದಿನವಿಡೀ ದುಡಿದು ಬಂದವರು ತಮ್ಮ ಎಷ್ಟೋ ಸಂಜೆಗಳನ್ನು ಅದಕ್ಕೆ ಕೊಡುತ್ತಾರೆ. ಆ ಸಂಜೆಗಳ ಜವಾಬ್ದಾರಿ ಚೀಟಿ ಬರೆದವರ ಮೇಲಿರುತ್ತದೆ.

ಪುಸ್ತಕ ಕೇಳುವವರ ಪ್ರಶ್ನೆಗಳಿಗೆ ಸರಿಯಾಗಿ ಕಿವಿಗೊಟ್ಟರೆ ವಿಮರ್ಶೆ ಹೇಗಿರಬೇಕೆಂಬುದು ಅರ್ಧ ತಿಳಿದಂತೆ. “ಅಕ್ಷರ ದೊಡ್ಡು ಅದಾವೇನ್ರಿ?” ಎನ್ನುತ್ತಾರೆ ಕಣ್ಣಿನ ಪೊರೆ ತೆಗೆಸಿಕೊಂಡವರು. ಅವರಿಗೆ ಶೈಲಿ, ವಸ್ತು ಎಲ್ಲ ಆಮೇಲಿನ ಮಾತು. “ಓದಿಸ್ಕೊಂಡ ಹೊಕ್ಕೈತೋ ಇಲ್ಲೋ, ಅಷ್ಟ ಹೇಳ್ರಿ” ಎನ್ನುತ್ತಾರೆ ರೈಲ್ವೆ ಕಾಕಾ. “ನಮ್ಮ ಹುಡುಗಿ ಈಗ ಒಂಬತ್ತನೇತ್ತ, ಆಕಿ ಕೈಯಾಗ ಕೊಡಬಹುದೇನ್ರಿ?” ಎಂದು ಒಬ್ಬ ತಾಯಿ ಕೇಳುತ್ತಾಳೆ. ಮಾಳಮಡ್ಡಿಯ ಮಾವಶಿಯೊಬ್ಬರು, ಗಂಡ ತೀರಿಕೊಂಡ ವರ್ಷ, ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ಇದರಾಗ ಯಾರರೆ ಸಾಯ್ತಾರೇನವಾ? ಸಾಯೋದಿದ್ರ ಈಗ ಬ್ಯಾಡ, ಮುಂದ ಓದ್ತೀನಿ.” ಆ ವರ್ಷ ಅವರಿಗಾಗಿ ಸಾವಿಲ್ಲದ ಕಾದಂಬರಿಗಳನ್ನು ಹುಡುಕುತ್ತ ಕಪಾಟನ್ನೆಲ್ಲ ತಡಕಾಡಿದೆ. ನಮ್ಮ ಭಾಷೆಯಲ್ಲಿ ಅಂಥವು ಎಷ್ಟು ಕಡಿಮೆ ಎಂಬುದು ಆಗಲೇ ಗೊತ್ತಾದದ್ದು. ಯಾವ ವಿಮರ್ಶಾ ಗ್ರಂಥವೂ ಆ ಪಟ್ಟಿಯನ್ನು ಕೊಡುವುದಿಲ್ಲ, ಆದರೆ ಆ ಮಾವಶಿಗೆ ಬೇಕಾಗಿದ್ದ ವಿಮರ್ಶೆ ಅದೊಂದೇ ಆಗಿತ್ತು.

ಧಾರವಾಡ ವಿಮರ್ಶಕರ ಊರು. ಕೀರ್ತಿನಾಥ ಕುರ್ತಕೋಟಿ, ಜಿ.ಎಸ್. ಆಮೂರ, ಗಿರಡ್ಡಿ ಗೋವಿಂದರಾಜ ಇಲ್ಲೇ ಓಡಾಡಿದರು, ಇಲ್ಲೇ ವಾದ ಮಾಡಿದರು. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಸೇರಿ ‘ಸಂಕ್ರಮಣ’ ಪತ್ರಿಕೆ ಶುರು ಮಾಡಿದ್ದೂ ಇಲ್ಲೇ. ಅವರನ್ನೆಲ್ಲ ಓದಿಯೇ ನನಗೆ ಓದುವ ಬುದ್ಧಿ ಬಂದದ್ದು. ಆದರೆ ಅವರ ಬರಹ ಪುಸ್ತಕ ಓದಿ ಮುಗಿಸಿದವರಿಗೆ ಬೇಕಾದದ್ದು. ಪುಸ್ತಕವನ್ನು ಇನ್ನೂ ತೆರೆಯದೆ ನಿಂತವರಿಗೆ ಬೇರೆ ಥರದ ಮಾತು ಬೇಕು. ಈ ಎರಡನ್ನೂ ಕಲಸಿಬಿಟ್ಟರೆ ಓದುಗನಿಗೆ ಎರಡೂ ಕಡೆ ನಷ್ಟ. ನಮ್ಮ ಎಷ್ಟೋ ಕಾದಂಬರಿಗಳ ಮುನ್ನುಡಿಗಳು ಮಾಡುವುದು ಇದನ್ನೇ: ಕಥೆ ಶುರುವಾಗುವ ಮೊದಲೇ ಯಾರು ಯಾಕೆ ಹಾಳಾದರು, ಅದರ ಅರ್ಥವೇನು ಎಂದೆಲ್ಲ ವಿವರಿಸಿ ಮುಗಿಸಿರುತ್ತವೆ. ಅದಕ್ಕೇ ನನ್ನ ಬಹಳ ಚೀಟಿಗಳ ಮೊದಲ ಸಾಲು “ಮುನ್ನುಡಿಯನ್ನು ಕೊನೆಗೆ ಓದಿರಿ” ಎಂದಿರುತ್ತದೆ.

ತೆರೆಯದ ಪುಸ್ತಕದ ಮುಂದೆ ನಿಂತವರ ಜೊತೆ ಮಾತಾಡುವ ಕೆಲಸ ನಮ್ಮ ಕಡೆ ಹಳೆಯದು. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು, 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಹೊರಡಿಸಿದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯೇ ಓದುವ ಭಾಷೆಯಾಗಿದ್ದ ಮುಂಬೈ ಕರ್ನಾಟಕದಲ್ಲಿ ಅವರು ಯಾರದೋ ಕಟ್ಟೆಯ ಮೇಲೆ ಕೂತು, ಗಂಟು ಬಿಚ್ಚಿ, “ಇದು ವಿಜಯನಗರದ ಕಥಿ, ಇದು ಸಂಸಾರದ್ದು” ಎಂದು ಹೇಳಿದ್ದಿರಬೇಕು. ಆ ಮಾತು ಕೇಳಿದವರಿಗೆ ನಂಬಿಕೆ ಬರದಿದ್ದರೆ ಪುಸ್ತಕ ಮತ್ತೆ ಗಂಟಿಗೆ ಹೋಗುತ್ತಿತ್ತು. ಕನ್ನಡ ಕಾದಂಬರಿಯ ಮೊದಲ ಪರಿಚಯಕಾರರು ಅವರೇ ಎಂದು ನಾನು ತಿಳಿದಿದ್ದೇನೆ.

ಆಮೇಲೆ ಜಿ.ಬಿ. ಜೋಶಿಯವರು ಬಂದರು. 1933ರಲ್ಲಿ ಅವರ ಪ್ರಕಾಶನ ಮನೋಹರ ಗ್ರಂಥಮಾಲೆ ಹುಟ್ಟಿತು. ಧಾರವಾಡದ ಸುಭಾಷ ರಸ್ತೆಯಲ್ಲಿನ ಅದರ ಅಟ್ಟ ಎಂದರೆ ಸಾಹಿತ್ಯ ಓದುವ ಎಲ್ಲರಿಗೂ ಗೊತ್ತು. ಚಂದಾ ಕಟ್ಟಿದವರಿಗೆ ಪುಸ್ತಕ ಟಪಾಲಿನಲ್ಲಿ ಮನೆಗೆ ಬರುತ್ತಿತ್ತು. ಇದರಲ್ಲಿ ಒಂದು ದೊಡ್ಡ ಮಾತಿದೆ. ಗದಗಿನ ಅಂಗಡಿಕಾರನೋ ಶಿಗ್ಗಾವಿಯ ಮಾಸ್ತರನೋ ಏನು ಬರುತ್ತದೆಂದು ತಿಳಿಯದೆಯೇ ಮುಂಚೆ ರೊಕ್ಕ ಕಟ್ಟುತ್ತಿದ್ದ. 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಬಂತು, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಇವನ್ನು ಅಂಗಡಿಯಲ್ಲಿ ನಿಂತು ಆರಿಸುವುದಾದರೆ ಅವನು ಆರಿಸುತ್ತಿದ್ದನೋ ಇಲ್ಲವೋ. ಅಟ್ಟದ ಮೇಲೆ ಜೋಶಿಯವರೂ ಕುರ್ತಕೋಟಿಯವರೂ ಓದಿ ಒಪ್ಪಿದ್ದಾರೆ ಎಂಬುದೇ ಅವನಿಗೆ ಸಾಕಾಗಿತ್ತು. ಓದುಗ ಇನ್ನೊಬ್ಬರ ಓದಿನ ಮೇಲೆ ಇಟ್ಟ ನಂಬಿಕೆ ಒಂದು ಭಾಷೆಯ ಸಾಹಿತ್ಯವನ್ನು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಹುಬ್ಬಳ್ಳಿಯಲ್ಲಿ ‘ಕಸ್ತೂರಿ’ ಇತ್ತು. 1956ರಲ್ಲಿ ಶುರುವಾದ ಈ ಮಾಸಪತ್ರಿಕೆಯನ್ನು ಪಾ.ವೆಂ. ಆಚಾರ್ಯರು ಬೆಳೆಸಿದರು. ಅದರ ಪುಸ್ತಕ ವಿಭಾಗದಲ್ಲಿ ಇಡೀ ಪುಸ್ತಕವೊಂದು ಕೆಲವೇ ಪುಟಗಳಿಗೆ ಇಳಿದು ಬರುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪ ಮೊದಲು ಅದನ್ನೇ ತೆಗೆಯುತ್ತಿದ್ದರು. ಸಂಗ್ರಹ ಹೇಗೆ ಮಾಡಬೇಕೆಂಬುದನ್ನು ನಾನು ಅಲ್ಲಿ ನೋಡಿ ಕಲಿತೆ. ಚೀಟಿಯಲ್ಲಿ ಸಂಗ್ರಹ ಮಾಡಬಾರದೆಂಬುದನ್ನು ಬಾಡಿಗೆ ಲೈಬ್ರರಿಯಲ್ಲಿ ಕಲಿತೆ.

ಆ ಲೈಬ್ರರಿಗಳನ್ನು ಈಗಿನ ಹುಡುಗರು ನೋಡಿಲ್ಲ. ದಾಜಿಬಾನ ಪೇಟೆಯ ಕಡೆ, ಕೊಪ್ಪಿಕರ ರಸ್ತೆಯ ಒಳಗಲ್ಲಿಗಳಲ್ಲಿ, ಒಂದು ಖೋಲಿಯಷ್ಟು ಜಾಗದಲ್ಲಿ ಮಾಳಿಗೆಯ ತನಕ ಕಾದಂಬರಿ. ಖಾಕಿ ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ. ಇಟ್ಟುಕೊಂಡವರು ನಮ್ಮ ಮುಖ ನೋಡಿಯೇ ಪುಸ್ತಕ ತೆಗೆದುಕೊಡುತ್ತಿದ್ದರು. ಪರೀಕ್ಷೆ ಮುಗಿದ ಹುಡುಗನಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಹೊಸದಾಗಿ ಮದುವೆಯಾಗಿ ಊರಿಗೆ ಬಂದು ಯಾರೂ ಗುರುತಿಲ್ಲದ ಹೆಣ್ಣುಮಗಳಿಗೆ ತ್ರಿವೇಣಿ, ಎಂ.ಕೆ. ಇಂದಿರಾ. ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಪುಸ್ತಕದ ಒಳಗೆ ನಮಗಿಂತ ಮುಂಚೆ ಓದಿದವರ ಪೆನ್ಸಿಲ್ ಬರಹ ಇರುತ್ತಿತ್ತು: “ತಪ್ಪದೇ ಓದಿರಿ”, “ನಡುವೆ ಬೇಸರ”, “ಅತ್ತೆಗೆ ತಕ್ಕ ಶಾಸ್ತಿ”. ಓದುಗರು ಓದುಗರಿಗೆ ಬರೆದ ವಿಮರ್ಶೆ ಎಂದರೆ ಅದೇ. ಆದರೆ ಪತ್ತೇದಾರಿ ಕಾದಂಬರಿಯ ಮೊದಲನೇ ಪುಟದಲ್ಲಿ ಕೊಲೆಗಾರನ ಹೆಸರು ಬರೆದಿಟ್ಟ ಪುಣ್ಯಾತ್ಮನೊಬ್ಬ ಪ್ರತಿ ಲೈಬ್ರರಿಯಲ್ಲೂ ಇದ್ದ. ಒಂದು ಹೆಸರಿನಿಂದ ಒಂದಿಡೀ ಪುಸ್ತಕವನ್ನು ಕೊಲ್ಲಬಹುದೆಂದು ನನಗೆ ತಿಳಿದದ್ದು ಅವನಿಂದ. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವನ್ನು ಹಿಡಿದೇ ಸರಾಗವಾಗಿ ಕನ್ನಡ ಓದಲು ಕಲಿತವರು ಲೆಕ್ಕವಿಲ್ಲದಷ್ಟು. ಆ ಪುಸ್ತಕಗಳ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಒಂದೊಂದು ಜಾತಿಯ ಕಾದಂಬರಿ ಓದುಗನಿಗೆ ಒಂದೊಂದು ಮಾತು ಕೊಟ್ಟಿರುತ್ತದೆ. ಆ ಮಾತನ್ನು ಅದು ಉಳಿಸಿಕೊಂಡಿತೋ ಇಲ್ಲವೋ ಎಂದು ನೋಡುವುದೇ ನನ್ನ ಅಳತೆ. ಪತ್ತೇದಾರಿ ಕಾದಂಬರಿಯಲ್ಲಿ ಬದುಕಿನ ಅರ್ಥ ಸಿಗಲಿಲ್ಲವೆಂದು ದೂರುವುದು ನ್ಯಾಯವಲ್ಲ. ಸುಳಿವುಗಳನ್ನು ನಮ್ಮ ಕಣ್ಣೆದುರಿಗೇ ಇಟ್ಟಿದ್ದರೇ, ಅಥವಾ ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ತಮ್ಮನನ್ನು ಕರೆತಂದು ಅವನ ತಲೆಗೆ ಕಟ್ಟಿದರೇ? ಕೇಳಬೇಕಾದದ್ದು ಅದು. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿ ಹಿಡಿದವರಿಗೆ, ಮೊದಲಲ್ಲಿ ಹೂಡಿದ ಕಲ್ಪನೆ ಕೊನೆಯವರೆಗೆ ತನ್ನ ನಿಯಮಕ್ಕೆ ತಾನು ಬದ್ಧವಾಗಿದೆಯೇ ಎಂಬುದನ್ನು ಹೇಳಬೇಕು. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ಕ್ಕೆ ನಾನು ಬರೆದದ್ದು ಇಷ್ಟೇ: ಹೆದರಿಸಬೇಕೆಂದು ಬರೆದ ಪುಸ್ತಕ, ಹೆದರಿಸುತ್ತದೆ, ಸಣ್ಣ ಮಕ್ಕಳಿರುವ ಮನೆಯ ತಾಯಂದಿರು ಓದದಿದ್ದರೂ ನಡೆಯುತ್ತದೆ.

ಐತಿಹಾಸಿಕ ಕಾದಂಬರಿಯ ವಿಷಯ ಬೇರೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಕೊನೆ ಅದರ ಹೆಸರಿನಲ್ಲೇ ಇದೆ. ಚಿತ್ರದುರ್ಗ ಬೀಳುತ್ತದೆ, ಮದಕರಿನಾಯಕ ಸೋಲುತ್ತಾನೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅಲ್ಲಿ ಕೊನೆಯನ್ನು ಮುಚ್ಚಿಡುವ ಕಾರಣವೇ ಇಲ್ಲ. ಕೊನೆ ಗೊತ್ತಿದ್ದೂ, ಈ ಸಲವಾದರೂ ಕೋಟೆ ಉಳಿದೀತೇನೋ ಎಂಬ ಆಸೆಯನ್ನು ಓದುಗನಲ್ಲಿ ಹುಟ್ಟಿಸುವುದು ಆ ಕಾದಂಬರಿಯ ಬಲ. ರೈಲ್ವೆ ಕಾಕಾ ಅದನ್ನು ಹಿಂತಿರುಗಿಸುವಾಗ, “ಗೊತ್ತಿತ್ರೀ ಅಕ್ಕಾವ್ರ, ಆದ್ರೂ ಕಡೀ ನೂರ ಪುಟ ಎರಡ ದಿನಾ ತಗೀಲಿಲ್ಲ” ಎಂದರು. ಆ ಮಾತನ್ನು ಹಾಗೇ ಚೀಟಿಗೆ ಸೇರಿಸಿದೆ. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ರಟ್ಟಿನ ಮೇಲೆಯೇ ಇದೆ. ಓದುಗನನ್ನು ಪುಸ್ತಕದ ಹತ್ತಿರ ತಂದದ್ದು ಕಾಕಾ ಅವರ ಮಾತು.

ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು ಬಂದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ಕೃಷಿ ವಿಜ್ಞಾನಿ ಬರೆದ ಥ್ರಿಲ್ಲರು. ಕಥೆಯ ಜೊತೆಗೆ ಆಧಾರಗಳ ಪಟ್ಟಿ. ‘ಕನಕ ಮುಸುಕು’ ಓದಿದವರು ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ನಿಜವಾಗಿಯೂ ಗೋವಿನಜೋಳದ ತೆನೆಯೇ ಎಂದು ಕೇಳತೊಡಗಿದರು. ಅಮೆರಿಕದ ಬೆಳೆ ಇಲ್ಲಿಗೆ ಅಷ್ಟು ಮುಂಚೆ ಬಂದಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿರುವುದು ನಿಜ. ಆಧಾರ ಎಲ್ಲಿ ಮುಗಿಯುತ್ತದೆ, ಕಲ್ಪನೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಓದುಗ ತಾನೇ ಹುಡುಕಿಕೊಳ್ಳಬೇಕು, ಅದೂ ಆಟದ ಭಾಗ ಎಂದು ಬರೆದೆ. ಹೊಲಿಗೆ ಅಂಗಡಿಯ ಅಣ್ಣಾವ್ರು ಆ ಪುಸ್ತಕ ಮುಗಿಸಿ ಮಕ್ಕಳನ್ನು ಕರೆದುಕೊಂಡು ಸೋಮನಾಥಪುರಕ್ಕೆ ಹೋಗಿಬಂದರು. ಕಾದಂಬರಿಗೆ ಇದಕ್ಕಿಂತ ಮೇಲಿನ ಮೆಚ್ಚುಗೆ ಯಾವುದಿದೆ?

ನವ್ಯ ಕಾದಂಬರಿಗೆ ಬರೆಯುವಾಗ ನನಗೆ ಅತಿ ಹೆಚ್ಚು ಹೊತ್ತು ಹಿಡಿಯುತ್ತದೆ. “ಏನೂ ಆಗೂದಿಲ್ಲಲ್ರೀ ಇದರಾಗ” ಎಂಬುದು ನಾನು ಕೇಳಿದ ಅತಿ ಸಾಮಾನ್ಯ ದೂರು. ಅದು ದಡ್ಡರ ದೂರಲ್ಲ. ನಮ್ಮ ಓದುಗರು ಪುರಾಣ ಪ್ರವಚನ, ಶ್ರೀಕೃಷ್ಣ ಪಾರಿಜಾತ ಕೇಳಿ ಬೆಳೆದವರು. ಕಥೆ ನಡೆಯಬೇಕೆಂದು ಅವರು ಬಯಸುವುದು ಸಹಜ. ‘ಸಂಸ್ಕಾರ’ಕ್ಕೆ ಬರೆಯುವಾಗ ಎಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲೇ ತೋರಿಸಿದೆ: ಒಂದು ಅಗ್ರಹಾರ, ಒಂದು ಹೆಣ, ಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆ, ಆ ಪ್ರಶ್ನೆ ಬೀದಿಯಿಂದ ಪ್ರಾಣೇಶಾಚಾರ್ಯರ ಒಳಗೆ ಹೋಗುತ್ತದೆ, ಅಲ್ಲಿಂದ ಮುಂದೆ ಕಥೆ ನಡೆಯುವುದು ಅವರ ತಲೆಯಲ್ಲಿ. ಇಷ್ಟು ದಾರಿ ತೋರಿಸಿದರೆ ಸಾಕು, ಉಳಿದದ್ದನ್ನು ಓದುಗರು ತಾವೇ ನಡೆಯುತ್ತಾರೆ. ಒಬ್ಬ ಅಜ್ಜಿ ಅದನ್ನು ಓದಿ ಸಿಟ್ಟಾಗಿ ವಾರಗಟ್ಟಲೆ ನನ್ನೊಡನೆ ವಾದ ಮಾಡಿದರು. ಪುಸ್ತಕ ಅವರಿಗೆ ಸೇರಲಿಲ್ಲ, ಆದರೆ ಅದರ ಒಂದೊಂದು ಪುಟವೂ ಅವರಿಗೆ ನೆನಪಿತ್ತು. ಬೇಡವೆನಿಸಿದ ಪುಸ್ತಕವನ್ನೂ ಪೂರ್ತಿ ಓದಿ ಜಗಳಾಡುವವರು ಇರುವುದು ನನ್ನ ಭಾಗ್ಯ.

ಅದೇ ಅಜ್ಜಿಗೆ ಭೈರಪ್ಪನವರ ‘ಪರ್ವ’ ಕೊಡಬೇಕಾದಾಗ ಬಹಳ ಯೋಚಿಸಿದೆ. ಭೈರಪ್ಪನವರು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದವರು, ಅವರ ಕಾದಂಬರಿಗಳನ್ನು ಪ್ರಕಟಿಸುತ್ತ ಬಂದ ಸಾಹಿತ್ಯ ಭಂಡಾರದ ಬೇರೂ ಈ ಊರಿನದೇ. ಹಾಗಾಗಿ ಇಲ್ಲಿ ಅವರ ಬಗ್ಗೆ ಅಭಿಪ್ರಾಯವಿಲ್ಲದ ಮನೆಯೇ ಇಲ್ಲ. ಆದರೆ ಈ ಅಜ್ಜಿ ಗದುಗಿನ ಭಾರತವನ್ನು ರಾಗವಾಗಿ ಓದುವವರು. “ಇದು ಮಹಾಭಾರತವೇ, ಆದರೆ ಪವಾಡಗಳಿಲ್ಲ. ಇಲ್ಲಿ ಕೃಷ್ಣ ಮನುಷ್ಯ. ಮನಸ್ಸು ಅದಕ್ಕೆ ಒಪ್ಪುವುದಾದರೆ ತೆರೆಯಿರಿ” ಎಂದು ಬರೆದಿಟ್ಟೆ. ಅವರು ಚೀಟಿ ಓದಿ ಪುಸ್ತಕವನ್ನು ಹಾಗೇ ಮರಳಿ ಕೊಟ್ಟರು. ಮುಂದಿನ ವರ್ಷ ತಾವೇ ಕೇಳಿ ತೆಗೆದುಕೊಂಡು ಹೋದರು.

ಭಾಷೆಯ ಬಗ್ಗೆಯೂ ಚೀಟಿಯಲ್ಲಿ ಒಂದು ಸಾಲು ಇರಲೇಬೇಕು. ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ನವಲಗುಂದದ ಕಡೆಯ ಕಾದಂಬರಿ, 2008ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮಾಳಮಡ್ಡಿಯ ಮನೆಗಳಲ್ಲಿ ಅದನ್ನು ಓದುತ್ತ ತಮ್ಮ ಅಜ್ಜನ ಧ್ವನಿ ಕೇಳಿದೆವೆಂದರು. ಬ್ಯಾಂಕಿನ ಹುಡುಗಿಯರಲ್ಲಿ ಒಬ್ಬಳು ಪುತ್ತೂರಿನವಳು, ಅವಳಿಗೆ ಮೊದಲ ಅಧ್ಯಾಯವನ್ನೇ ದಾಟಲಾಗಲಿಲ್ಲ. ಅವಳಿಗೆಂದೇ ಬೇರೆ ಚೀಟಿ ಬರೆದೆ: “ಗಟ್ಟಿಯಾಗಿ ಓದು. ಕಣ್ಣಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ.” ಅವಳು ತನ್ನ ಖೋಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರೆ ಮನೆ ಮಾಲೀಕರ ತಾಯಿ ಬಂದು ಬಾಗಿಲಲ್ಲಿ ಕೂತು, “ಹಂಗಲ್ಲವಾ, ಹಿಂಗ ಅನಬೇಕು” ಎಂದು ತಿದ್ದುತ್ತ ಪೂರ್ತಿ ಕೇಳಿದರಂತೆ. ವೈದ್ಯರು ಈಗಿಲ್ಲ, ಇದ್ದಿದ್ದರೆ ಧಾರವಾಡಕ್ಕೆ ಬಂದಾಗ ಹೇಳುತ್ತಿದ್ದೆ.

ಈ ಅವಳಿ ನಗರದಲ್ಲಿ ಪುಸ್ತಕದ ಬಗ್ಗೆ ಬರೆಯುವವರಿಗೆ ಒಂದು ಕಷ್ಟವಿದೆ. ಇಲ್ಲಿ ಲೇಖಕರು ಎಲ್ಲೆಲ್ಲೂ ಇದ್ದಾರೆ. ಬೆಳಗ್ಗೆ ಹಾಲು ತರಲು ಹೋದರೆ ಒಬ್ಬರು, ಲೈನ್ ಬಜಾರಿನಲ್ಲಿ ಫೇಡೆ ಕೊಳ್ಳುವಾಗ ಇನ್ನೊಬ್ಬರು. ಪುಸ್ತಕ ಬಿಡುಗಡೆಯ ದಿನ ಗೆಳೆಯರೊಬ್ಬರು ವೇದಿಕೆಯ ಮೇಲೆ ಕೃತಿ ಪರಿಚಯ ಮಾಡುತ್ತಾರೆ, ಎಲ್ಲವೂ ಅದ್ಭುತವಾಗಿರುತ್ತದೆ, ಶಾಲು ಹೊದಿಸುತ್ತಾರೆ. ಆ ಸಂಭ್ರಮ ಇರಲಿ, ಬರೆದವರಿಗೆ ಅದು ಸಲ್ಲಬೇಕು. ಆದರೆ ಮನೆಗೆ ಒಯ್ದ ಮೇಲೆ ಪುಸ್ತಕ ಅಷ್ಟಿಲ್ಲವೆಂದು ಕಂಡರೆ ಓದುಗ ಮುಂದಿನ ಸಲ ಯಾರ ಮಾತನ್ನೂ ನಂಬುವುದಿಲ್ಲ. ಆ ನಂಬಿಕೆ ಹೋದರೆ ನಷ್ಟವಾಗುವುದು ಮುಂದೆ ಬರುವ ಒಳ್ಳೆಯ ಪುಸ್ತಕಕ್ಕೆ. ಅದಕ್ಕೆ ನಾನು ದಾಕ್ಷಿಣ್ಯಕ್ಕೆ ಬರೆಯುವುದಿಲ್ಲ. ಇಲ್ಲಿನವರೇ ಆದ ಲೇಖಕರೊಬ್ಬರ ಕಾದಂಬರಿಗೆ, ಮೊದಲ ಅರ್ಧ ಕೈಬಿಡದೆ ಓದಿಸುತ್ತದೆ, ಮಗ ಊರು ಬಿಟ್ಟ ಮೇಲೆ ಕಥೆ ಎಳೆದಂತಾಗಿದೆ ಎಂದು ಬರೆದಿದ್ದೆ. ಚೀಟಿ ಹೇಗೋ ಅವರ ಕೈ ಸೇರಿತು. ಎದುರಿಗೆ ಸಿಕ್ಕಾಗ ನಿಲ್ಲಿಸಿ, “ಮಗ ಊರು ಬಿಡೋ ತನಕಾ ಓದೀರಿ ಅಂತಾತು. ಭಾಳ ಮಂದಿ ಅಲ್ಲೀತನಕ ಬಂದಿಲ್ಲರೀ” ಎಂದರು. ಅವರ ಮುಂದಿನ ಪುಸ್ತಕ ಹಸ್ತಪ್ರತಿಯಲ್ಲೇ ನಮ್ಮ ಮನೆಗೆ ಬಂತು.

ಯಾರಿಗೆ ಯಾವ ಪುಸ್ತಕ ಯಾವಾಗ ಎಂಬುದು ವಿಮರ್ಶೆಯ ಅರ್ಧ ಭಾಗ ಎಂದು ನಾನು ನಂಬಿದ್ದೇನೆ. ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಸುಧಾ ಮೂರ್ತಿಯವರ ‘ಡಾಲರ್ ಸೊಸೆ’ ಕಪಾಟಿನಲ್ಲಿ ನಿಲ್ಲುವುದೇ ಇಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಮನೆಯ ಹೆಣ್ಣುಮಗಳು ಮನೋವೈದ್ಯರ ಚಿಕಿತ್ಸೆ ಪಡೆದು ಬಂದಿದ್ದ ಕುಟುಂಬವೊಂದಕ್ಕೆ ಕಳಿಸುವಾಗ, ಇದು ಮೊದಲು ಮನೆಯ ಗಂಡಸರು ಓದಬೇಕಾದ ಪುಸ್ತಕ ಎಂದು ಬರೆದೆ. ಗುಣವಾಗಿ ಬಂದವಳನ್ನು ಸುತ್ತಲಿನವರು ಹೇಗೆ ನೋಡುತ್ತಾರೆ ಎಂಬುದೇ ಅದರ ಕಥೆ. ಅವರು ಓದಿದರು. ಏನೆನ್ನಿಸಿತೆಂದು ನಾನು ಕೇಳಲಿಲ್ಲ.

ಈ ಕೆಲಸಕ್ಕೆ ಇನ್ನಷ್ಟು ಕೈಗಳು ಬೇಕು. ನೀವು ಓದಿ ಮುಗಿಸಿದ ಕಾದಂಬರಿಯನ್ನು ಇನ್ನೊಬ್ಬರಿಗೆ ಕೊಡುವ ಮೊದಲು ನಾಲ್ಕು ಸಾಲು ಬರೆದು ಒಳಗಿಡಿ. ಯಾವ ಜಾತಿಯ ಕಥೆ, ಭಾಷೆ ಹೇಗಿದೆ, ಎಲ್ಲಿ ತಾಳ್ಮೆ ಬೇಕು, ಯಾರಿಗೆ ಸೇರೀತು ಎಂದು ಹೇಳಿ, ಕೊನೆಯನ್ನು ಮಾತ್ರ ಬಿಟ್ಟುಬಿಡಿ. ಈ ವಾರ ನನ್ನ ಕಡೆಯಿಂದ ಹೊರಟಿರುವುದು ರಾವಬಹಾದ್ದೂರರ ‘ಗ್ರಾಮಾಯಣ’, 1957ರ ಕಾದಂಬರಿ. ಅದರ ಚೀಟಿ ಹೀಗಿದೆ: ಪಾದಳ್ಳಿ ಎಂಬ ಒಂದು ಹಳ್ಳಿಯ ಕಥೆ. ನಾಯಕ ಒಬ್ಬನಲ್ಲ, ಇಡೀ ಊರು. ಮಂದಿ ಬಹಳ, ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ಮಾತೆಲ್ಲ ನಮ್ಮ ಕಡೆಯದು. ಅವಸರದಲ್ಲಿ ಓದಬೇಡಿ. ಉತ್ತರ ಕರ್ನಾಟಕದ ಹಳ್ಳಿಯನ್ನು ಇಷ್ಟು ಪೂರ್ತಿಯಾಗಿ ಕಂಡ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.